‘ಪಥ್ಯ ಬಿಗಿಯಾಗಿ ಮಾಡಮ್ಮ’

ನಾನು ಲ್ಯಾಬ್ ಕೆಲಸಕ್ಕೆ ಸೇರಿದ ಕಾಲದಲ್ಲಿ ರೋಗಿಗಳು ಪರೀಕ್ಷೆಯ ಮಲವನ್ನು ತೆಂಗಿನ ಚಿಪ್ಪಿನಲ್ಲಿ ತರುತ್ತಿದ್ದರು. ಈಗ ಕೆಲಸಕ್ಕೆ ಬರುವವರಿಗೆ ಮುಚ್ಚಳದ ಡಬ್ಬಿ ಇದೆ, ಕೈಗವಸು ಇದೆ. ನಮ್ಮಲ್ಲಿಗೆ ಕಣಕಟ್ಟೆ, ಗಂಡಸಿ ಕಡೆಯಿಂದ ಬರುವವರು ಎರಡು ಹೋಳು ಚಿಪ್ಪನ್ನು ಒಂದರ ಮೇಲೊಂದು ಕವುಚಿ, ಬಾಳೆನಾರಿನಲ್ಲಿ ಕಟ್ಟಿ, ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ಬರುತ್ತಿದ್ದರು. ಒಮ್ಮೆ ನಾನೂ ಅದೇ ಬಸ್ಸಿನಲ್ಲಿದ್ದೆ. ಕಂಡಕ್ಟರು ಒಬ್ಬ ಮುದುಕಿಯನ್ನು, “ಏನಜ್ಜೀ ಅದು, ಪ್ರಸಾದವಾ?” ಎಂದು ಕೇಳಿದ. “ಊ ಕಣಪ್ಪ, ನಿಂಗೂ ಒಸಿ ಕೊಡ್ಲಾ?” ಎಂದಳು ಮುದುಕಿ. ಬಸ್ಸೆಲ್ಲ ನಕ್ಕಿತು.

ಎಪ್ಪತ್ತರ ದಶಕದ ಕೊನೆಯ ವರ್ಷಗಳವು. ಅರಸೀಕೆರೆಗೂ ಹಳೇಬೀಡಿಗೂ ನಡುವಿನ ಒಂದು ಆರೋಗ್ಯ ಕೇಂದ್ರದಲ್ಲಿ ನಾನು ಇದ್ದೆ. ಅದರ ಹೆಸರು ಬರೆಯುವುದಿಲ್ಲ. ಈ ಕಥನದಲ್ಲಿ ಬರುವವರ ಮಕ್ಕಳು ಮೊಮ್ಮಕ್ಕಳು ಅದೇ ಸೀಮೆಯಲ್ಲಿ ಬದುಕುತ್ತಿದ್ದಾರೆ. ಹೆಸರುಗಳನ್ನು ಬದಲಿಸಿದ್ದೇನೆ. ನಡೆದದ್ದನ್ನು ಬದಲಿಸಿಲ್ಲ. ನನ್ನ ಕಣ್ಣೆದುರು ನಡೆದದ್ದು ಎಷ್ಟೋ ಅಷ್ಟನ್ನೇ ಬರೆಯುತ್ತೇನೆ.

ಕೆಲಸ ಕಲಿಸಿದವರು ಅರಸೀಕೆರೆಯಲ್ಲಿದ್ದ ಒಬ್ಬ ಹಿರಿಯ ಟೆಕ್ನಿಷಿಯನ್. ಚಿಪ್ಪು ಬಿಚ್ಚಿದ ಕೂಡಲೇ ಮುಖ ತಿರುಗಿಸಿಕೊಂಡ ನನಗೆ ಅವರು ಹೇಳಿದ್ದು: “ಮುಖ ತಿರುಗಿಸ್ಬೇಡ. ಮೊದಲು ಮೂಸಿ ನೋಡು, ಆಮೇಲೆ ಮೈಕ್ರೋಸ್ಕೋಪು.” ಮೂಸಬೇಕಾದದ್ದು ಎರಡೇ ವಾಸನೆ. ಮಲ ಹುಳಿ ಹುಳಿಯಾಗಿದ್ದರೆ ಅನ್ನ, ಸಕ್ಕರೆ, ಹಾಲಿನ ಸಿಹಿ ಅರಗದೆ ಕೆಳಗಿಳಿದಿದೆ. ಕೊಳೆತ ಮೊಟ್ಟೆಯ ಹಾಗೆ ನಾರಿದರೆ ಬೇಳೆ, ಮೊಟ್ಟೆ, ಮಾಂಸದ ಸತ್ವ ಅರಗದೆ ದೊಡ್ಡ ಕರುಳಿಗೆ ಇಳಿದಿದೆ. ನಮ್ಮ ಕರುಳಿನಲ್ಲಿ ಕೋಟಿಗಟ್ಟಲೆ ಬ್ಯಾಕ್ಟೀರಿಯಾ ಇವೆ. ನಾವು ಅರಗಿಸಿಕೊಳ್ಳದೆ ಬಿಟ್ಟದ್ದು ಅವುಗಳ ಪಾಲು. ಹಿಟ್ಟಿನ ಪದಾರ್ಥ ಸಿಕ್ಕರೆ ಹುಳಿ ಬರಿಸುತ್ತವೆ, ಪ್ರೋಟೀನು ಸಿಕ್ಕರೆ ಕೊಳೆಸುತ್ತವೆ. ಇದನ್ನು ಅವರು ಕಲಿಸಿದ್ದು ಪುಸ್ತಕ ಹಿಡಿದಲ್ಲ, ಚಿಪ್ಪು ಹಿಡಿದು.

ನಾನು ತಪ್ಪು ಮಾಡದೆ ಕಲಿಯಲಿಲ್ಲ. ಸೇರಿದ ಹೊಸದರಲ್ಲಿ ಒಬ್ಬ ಗಾಡಿ ಹೊಡೆಯುವವನ ಮಲದಲ್ಲಿ ಬಿಳಿಯ ಚಪ್ಪಟೆ ತುಣುಕುಗಳನ್ನು ಕಂಡು ‘ಲಾಡಿಹುಳು’ ಎಂದು ಬರೆದುಕೊಟ್ಟೆ. ಅವನು ಹುಳುವಿನ ಔಷಧಿ ಕುಡಿದು ಎರಡು ದಿನ ಸುಸ್ತಾಗಿ ಮಲಗಿದ. ಅದು ಹುಳುವಲ್ಲ, ಹಿತಕಿದ ಅವರೆಬೇಳೆ. ಅವತ್ತಿನಿಂದ ಕಾಳುಗಳ ಸಿಪ್ಪೆ, ರಾಗಿಯ ಹೊಟ್ಟು, ಮಾಂಸದ ನಾರು, ಇವೆಲ್ಲ ಸ್ಲೈಡಿನ ಮೇಲೆ ಹೇಗೆ ಕಾಣುತ್ತವೆ ಎಂದು ಒಂದೊಂದನ್ನೇ ನೋಡಿ ಕಲಿತೆ. ಒಂದು ಹನಿ ಅಯೋಡಿನ್ ಬಿಟ್ಟರೆ ಅರಗದ ಅನ್ನದ ಕಣ ನೀಲಿಯಾಗುತ್ತದೆ. ಒಬ್ಬ ಮನುಷ್ಯ ನೆನ್ನೆ ಏನು ಉಂಡ, ಏನು ಉಣ್ಣಲಿಲ್ಲ ಎಂಬುದನ್ನು ಬಹುಮಟ್ಟಿಗೆ ಅವನನ್ನು ಕೇಳದೆಯೇ ಹೇಳಬಲ್ಲವನಾದೆ. ಅದರ ಬಗ್ಗೆ ನನಗೆ ಜಂಬವೂ ಇತ್ತು.

ನನ್ನ ರಿಜಿಸ್ಟರಿನಲ್ಲಿ ಬಣ್ಣ, ಗಟ್ಟಿ-ನೀರು, ವಾಸನೆ, ಸೂಕ್ಷ್ಮದರ್ಶಕ ಎಂದು ನಾಲ್ಕು ಕಾಲಂ ಇದ್ದವು. ಹೊಸ ವೈದ್ಯಾಧಿಕಾರಿಗಳು ಬಂದ ವಾರದಲ್ಲೇ ಅದನ್ನು ತಿರುವಿ ಹಾಕಿದರು. ಬುದ್ಧಿವಂತರು. ಬಹಳ ಓದಿದ್ದರು.

“ಇದೇನ್ರೀ ವಾಸನೆ ಕಾಲಂ? ಲ್ಯಾಬೋ ಅಡುಗೆಮನೆಯೋ?”

“ಅರಸೀಕೆರೇಲಿ ಹೀಗೇ ಕಲಿಸಿದ್ದು ಸಾರ್.”

“ಇಲ್ಲಿ ತೆಗೀರಿ. ಮೂಗಿನ ರಿಪೋರ್ಟ್ ಮೇಲೆ ನಾನು ಔಷಧಿ ಬರೆಯೋನಲ್ಲ.”

ಪಕ್ಕದಲ್ಲಿ ನಿಂತಿದ್ದ ಕಾಂಪೌಂಡರ್ ನಂಜುಂಡಯ್ಯ ಬಾಯಿಗೆ ಟವೆಲು ಹಿಡಿದು ನಕ್ಕ. ಆಮೇಲೆ ನನ್ನನ್ನು ‘ಮೂಗ್ ಡಾಕ್ಟ್ರೇ’ ಎಂದೇ ಕರೆಯತೊಡಗಿದ. ನಾನು ಕೆಂಪು ಶಾಯಿಯಲ್ಲಿ ಆ ಕಾಲಂ ಹೊಡೆದುಹಾಕಿದೆ. ಆದರೆ ಅಂಚಿನಲ್ಲಿ ಪೆನ್ಸಿಲಿನಿಂದ ‘ಹು’ ಎಂದೋ ‘ಕೊ’ ಎಂದೋ ಸಣ್ಣದಾಗಿ ಬರೆಯುವುದನ್ನು ಬಿಡಲಿಲ್ಲ.

ಸಣ್ಣಮ್ಮ ಬಂದದ್ದು ಇದಾದ ಕೆಲವು ತಿಂಗಳಿಗೆ. ಕಣಕಟ್ಟೆ ಕಡೆಯ ಒಂದು ಹಳ್ಳಿಯವಳು. ಸೊಂಟದಲ್ಲಿ ಎರಡೂವರೆ ವರ್ಷದ ಪುಟ್ಟಲಕ್ಷ್ಮಿ. ಮಗುವಿಗೆ ಹದಿನೈದು ದಿನದಿಂದ ಭೇದಿ. ಡಾಕ್ಟರು ನೋಡಿದರು, ನಾನು ಮಲ ನೋಡಿದೆ, ಹುಳು ಇರಲಿಲ್ಲ. ಡಾಕ್ಟರು ಚೀಟಿಯಲ್ಲಿ ಔಷಧಿ ಬರೆದು, ಕೆಳಗೆ ಇಂಗ್ಲಿಷಿನಲ್ಲಿ ‘ಮೃದುವಾದ, ಪ್ರೋಟೀನ್ ಹೆಚ್ಚಿರುವ ಆಹಾರ’ ಎಂದು ಬರೆದರು. ಬಾಯಲ್ಲಿ ಏನೂ ಹೇಳಲಿಲ್ಲ. ಹೊರಗೆ ಐವತ್ತು ಜನ ನಿಂತಿದ್ದರು. ಚೀಟಿ ನಂಜುಂಡಯ್ಯನ ಕಿಟಕಿಗೆ ಹೋಯಿತು. ನನ್ನ ಮೇಜು ಆ ಕಿಟಕಿಯಿಂದ ನಾಲ್ಕು ಮಾರು ದೂರ. ನಾನು ಕೇಳಿಸಿಕೊಂಡದ್ದು ಇಷ್ಟು:

“ಔಷಧಿ ಮೂರು ಹೊತ್ತು. ಪಥ್ಯ ಬಿಗಿಯಾಗಿ ಮಾಡಮ್ಮ.”

“ಏನ್ ಕೊಡ್ಲಿ ಸೋಮಿ?”

“ಪಥ್ಯ ಅಂದ್ರೆ ಗೊತ್ತಿಲ್ವೇನಮ್ಮ? ಮನೇಲಿ ಅತ್ತೆ ಅವ್ಳೋ ಇಲ್ವೋ? ಅವಳನ್ನ ಕೇಳು, ನಡಿ ನಡಿ.”

ನಮ್ಮ ಸೀಮೆಯಲ್ಲಿ ಪಥ್ಯ ಎಂದರೆ ಬಿಡುವುದು. ಬೇಳೆ ಬಿಡಬೇಕು, ಹುರುಳಿ ಬಿಡಬೇಕು, ಅವರೆ, ಕಡಲೇಕಾಯಿ, ಮೊಟ್ಟೆ, ಹಾಲು, ಮೊಸರು ಎಲ್ಲ ಬಿಡಬೇಕು. ಉಳಿಯುವುದು ಉಪ್ಪು ಹಾಕಿದ ಅಕ್ಕಿಗಂಜಿಯ ತಿಳಿ. ಇದು ನಂಜುಂಡಯ್ಯನಿಗೆ ಗೊತ್ತಿತ್ತು, ನನಗೂ ಗೊತ್ತಿತ್ತು. ಚೀಟಿಯಲ್ಲಿದ್ದ ಇಂಗ್ಲಿಷಿನ ಮಾತಿಗೂ ಕಿಟಕಿಯಲ್ಲಿ ಹೇಳಿದ ಕನ್ನಡದ ಮಾತಿಗೂ ಇರುವುದು ವ್ಯತ್ಯಾಸವಲ್ಲ, ಪೂರ್ತಿ ವಿರೋಧ ಎಂಬುದು ನಮ್ಮಿಬ್ಬರಿಗೂ ಹೊಳೆಯಲಿಲ್ಲ. ಎಷ್ಟು ವರ್ಷದಿಂದ ಎಷ್ಟು ಜನ ತಾಯಂದಿರು ಆ ಕಿಟಕಿಯಿಂದ ಹೀಗೆ ಹೋಗಿದ್ದರೋ, ಲೆಕ್ಕ ಇಟ್ಟವರು ಯಾರೂ ಇಲ್ಲ.

ಸಣ್ಣಮ್ಮ ಅದೇ ಚೀಟಿ ಹಿಡಿದು ಔಷಧಿಗೂ ಮಲ ಪರೀಕ್ಷೆಗೂ ವಾರಕ್ಕೊಮ್ಮೆ ತಪ್ಪದೆ ಬಂದಳು. ಪ್ರತಿ ಸಲ ಕಿಟಕಿಯಲ್ಲಿ ಅದೇ ಪ್ರಶ್ನೆ: “ಪಥ್ಯ ಮಾಡ್ತಿದೀಯಾ?” ಅದೇ ಉತ್ತರ: “ಮಾಡ್ತಿವ್ನಿ ಸೋಮಿ.” ಅವಳು ಸುಳ್ಳು ಹೇಳುತ್ತಿಲ್ಲ ಎಂದು ನನಗೆ ಗೊತ್ತಿತ್ತು. ಸ್ಲೈಡಿನ ಮೇಲೆ ಅನ್ನದ ನೀಲಿ ಕಣಗಳ ಹೊರತು ಏನೂ ಇರಲಿಲ್ಲ. ಒಂದು ಕಾಳಿನ ಸಿಪ್ಪೆ ಇಲ್ಲ, ಹಾಲಿನ ಜಿಡ್ಡಿಲ್ಲ. ಅಂಚಿನಲ್ಲಿ ‘ಹು’ ಎಂದು ಬರೆದೆ. ಎಷ್ಟು ನಿಯತ್ತಿನ ತಾಯಿ ಎಂದು ಮೆಚ್ಚಿದೆ. ಹೌದು, ಮೆಚ್ಚಿದೆ. ಹಸಿವಿನ ಪುರಾವೆಯನ್ನು ಐದು ವಾರ ಕಣ್ಣಿಗೆ ಒತ್ತಿ ಹಿಡಿದು ನೋಡಿದವನು ನಾನು.

ಕರುಳಿನ ಒಳಪದರ ದಿನ ದಿನವೂ ಉದುರಿ ಹೊಸದಾಗಿ ಹುಟ್ಟುತ್ತದೆ. ಹುಟ್ಟಬೇಕಾದರೆ ಪ್ರೋಟೀನು ಬೇಕು. ಸಿಗದಿದ್ದರೆ ಪದರ ತೆಳುವಾಗುತ್ತದೆ, ಉಂಡದ್ದನ್ನು ಹೀರುವುದಿಲ್ಲ. ದೊಡ್ಡ ಕರುಳಿನಲ್ಲಿ ಇರಬೇಕಾದ ಬ್ಯಾಕ್ಟೀರಿಯಾ ಮೇಲಕ್ಕೂ ಹತ್ತಿ ಬೆಳೆಯುತ್ತವೆ. ಭೇದಿ ಹೆಚ್ಚುತ್ತದೆ. ಭೇದಿ ಹೆಚ್ಚಿದಷ್ಟೂ ಮನೆಯಲ್ಲಿ ಪಥ್ಯ ಇನ್ನೂ ಬಿಗಿಯಾಗುತ್ತದೆ. ಈ ಸುಳಿಯೊಳಗೆ ಮಗು ಸಿಕ್ಕಿಕೊಂಡಿತ್ತು.

ಆರನೆಯ ವಾರ ಸಣ್ಣಮ್ಮ ನಗುನಗುತ್ತಾ ಬಂದಳು. ಸೆರಗಿನಲ್ಲಿ ಎರಡು ತೆಂಗಿನಕಾಯಿ.

“ಕಾಯಿ ತಕ್ಕಳಿ ಸೋಮಿ. ಮಗ ಮೈ ತುಂಬ್ಕೊಂಡೈತೆ. ಕೆನ್ನೆ ನೋಡಿ, ಎಂಗ್ ದುಂಡಗಾಗವ್ಳೆ.”

ಮಗುವಿನ ಕೆನ್ನೆ ನಿಜಕ್ಕೂ ದುಂಡಗಿತ್ತು. ಆದರೆ ಮಗು ನನ್ನನ್ನು ನೋಡಲಿಲ್ಲ, ತಾಯಿಯನ್ನೂ ನೋಡಲಿಲ್ಲ. ಕೂದಲು ಕೆಂಚಗಾಗಿತ್ತು. ನಾನು ಅದರ ಪಾದದ ಮೇಲೆ ಹೆಬ್ಬೆರಳು ಒತ್ತಿ ತೆಗೆದೆ. ಒತ್ತಿದ ಗುಳಿ ಹಾಗೇ ನಿಂತಿತು. ಕಲಸಿದ ಹಿಟ್ಟಿನ ಮೇಲೆ ಒತ್ತಿದಂತೆ. ಅದು ಮೈ ತುಂಬಿದ್ದಲ್ಲ, ನೀರು ತುಂಬಿದ್ದು. ಸಣ್ಣಮ್ಮ ಆ ಗುಳಿಯನ್ನೂ ನನ್ನ ಮುಖವನ್ನೂ ನೋಡಿದಳು. ನಗು ನಿಂತಿತು.

ನಾನೇ ಎತ್ತಿಕೊಂಡು ಡಾಕ್ಟರ ಮುಂದೆ ಮಲಗಿಸಿದೆ. ಅವರು ನೋಡಿದ ಕೂಡಲೇ ಗುರುತು ಹಿಡಿದರು. ಪ್ರೋಟೀನ್ ಕೊರತೆಯ ಊತ.

“ಏನು ಕೊಟ್ಟೆ ಮಗೂಗೆ?”

“ಗಂಜಿ ಸೋಮಿ.”

“ಬರೀ ಗಂಜಿ? ಬೇಳೆ, ಮೊಟ್ಟೆ ಕೊಡು ಅಂತ ಮೊದಲ ದಿನವೇ ಬರೆದಿದ್ದೀನಿ! ಓದು ಬರಹ ಇಲ್ಲ, ಹೇಳಿದ್ದೂ ಕೇಳಲ್ಲ. ಇಂಥವರಿಗೆ ಮಕ್ಕಳು ಯಾಕೆ?”

ಓದು ಬರಹ ಇಲ್ಲದವಳಿಗೆ ಇಂಗ್ಲಿಷಿನಲ್ಲಿ ಬರೆದುಕೊಟ್ಟಿದ್ದರು ಅವರು. ಕಿಟಕಿಯ ಆ ಕಡೆ ನಂಜುಂಡಯ್ಯ ಸೀಸೆಗಳನ್ನು ಒರೆಸುತ್ತಿದ್ದ, ತಲೆ ಎತ್ತಲಿಲ್ಲ. ಅವನ ಮೇಲೆ, ಡಾಕ್ಟರ ಮೇಲೆ ನನಗೆ ಬಂದ ಸಿಟ್ಟು ಇವತ್ತಿಗೂ ಆರಿಲ್ಲ. ಆದರೆ ಆ ಸಿಟ್ಟು ಅವತ್ತು ಬಾಯಿಗೆ ಬರಲಿಲ್ಲ. ವರ್ಷದ ಕೊನೆಯಲ್ಲಿ ನನ್ನ ನಡತೆಯ ಗುಟ್ಟಿನ ವರದಿ ಬರೆಯುವವರು ಅವರೇ.

ಮಗುವನ್ನು ಅಲ್ಲೇ ಒಳರೋಗಿಯಾಗಿ ಇಟ್ಟುಕೊಂಡರು. ಆಗ ಎಲ್ಲೆಲ್ಲೂ ಪ್ರೋಟೀನಿನದೇ ಮಾತು. ಸರ್ಕಾರದಿಂದ ಪ್ರೋಟೀನ್ ಪುಡಿಯ ಡಬ್ಬಗಳು ಬಂದಿದ್ದವು. ಡಾಕ್ಟರು ಗಟ್ಟಿಯಾಗಿ ಕಲಸಿ ದಿನಕ್ಕೆ ನಾಲ್ಕು ಸಲ, ಜೊತೆಗೆ ಎರಡು ಮೊಟ್ಟೆ ಎಂದು ಬರೆದರು. ಐದು ವಾರ ಗಂಜಿ ತಿಳಿ ಕುಡಿದ ಕರುಳಿಗೆ! ಮರುದಿನ ಮಗುವಿನ ಹೊಟ್ಟೆ ತಮಟೆಯ ಹಾಗೆ ಬಿಗಿಯಿತು. ಮೂರನೆಯ ದಿನ ಬೆಳಿಗ್ಗೆ ಬಂದ ಮಲದ ವಾಸನೆಗೆ ನನ್ನ ಕಣ್ಣಲ್ಲಿ ನೀರು ಬಂತು. ಕೊಟ್ಟದ್ದು ಮಗುವಿಗೆ ಸೇರುತ್ತಿರಲಿಲ್ಲ, ಬ್ಯಾಕ್ಟೀರಿಯಾಗಳಿಗೆ ಸೇರಿ ಒಳಗೇ ಕೊಳೆಯುತ್ತಿತ್ತು. ಡಾಕ್ಟರ ಬಳಿಗೆ ಓಡಿದೆ.

“ಸಾರ್, ಮಲ ಕೊಳೆತು ನಾರ್ತಾ ಇದೆ. ಪುಡಿ ಅರಗ್ತಿಲ್ಲ.”

“ಆ ಕಾಲಂ ತೆಗೆಸಿದ್ದೆನಲ್ಲ?”

“ಹೌದು ಸಾರ್. ಆದ್ರೆ ಮಗು ತೂಕಡಿಸ್ತಿದೆ, ಕೂಗಿದ್ರೂ ಕಣ್ಣು ಬಿಡ್ತಿಲ್ಲ.”

ಆಗ ಎದ್ದು ಬಂದು ನೋಡಿದರು. ಜಿಲ್ಲೆಯ ದೊಡ್ಡ ಆಸ್ಪತ್ರೆಗೆ ಕಳಿಸಿ ಎಂದರು. ಜೀಪಿನಲ್ಲಿ ಸಣ್ಣಮ್ಮ, ಅವಳ ಗಂಡ ರಂಗೇಗೌಡ, ಜೊತೆಗೆ ಹೋಗಲು ನಾನು. ಕೇಸ್ ಷೀಟು ನನ್ನ ಕೈಯಲ್ಲಿತ್ತು. ದಾರಿಯಲ್ಲಿ ಬಿಡಿಸಿ ಓದಿದೆ. ಅದರಲ್ಲಿ ಹೀಗೆ ಬರೆದಿತ್ತು: ‘ತಾಯಿಗೆ ಆಹಾರದ ಬಗ್ಗೆ ಪದೇ ಪದೇ ತಿಳಿಸಿದರೂ ಪಾಲಿಸಿಲ್ಲ. ತಾಯಿಯ ಅಲಕ್ಷ್ಯ.’ ಪಕ್ಕದಲ್ಲೇ ಸಣ್ಣಮ್ಮ ಮಗುವಿನ ತುಟಿಗೆ ಒದ್ದೆ ಬಟ್ಟೆ ಮುಟ್ಟಿಸುತ್ತಿದ್ದಳು.

ದೊಡ್ಡ ಆಸ್ಪತ್ರೆಯಲ್ಲಿ ಮಕ್ಕಳ ವಿಭಾಗಕ್ಕೆ ಒಬ್ಬರು ವಯಸ್ಸಾದ ಲೇಡಿ ಡಾಕ್ಟರು. ಮಗುವನ್ನು ಮುಟ್ಟಿ ನೋಡಿ ನನ್ನನ್ನು ಕೇಳಿದರು:

“ಪುಡಿ ಎಷ್ಟು ಕೊಟ್ಟಿದೀರಿ?”

ಹೇಳಿದೆ.

“ಮಲದ ವಾಸನೆ ಹೇಗಿತ್ತು?”

ನನ್ನನ್ನು ಆ ಪ್ರಶ್ನೆ ಕೇಳಿದ ಮೊದಲ ಮೇಲಧಿಕಾರಿ ಅವರು. “ನಿನ್ನೆವರೆಗೂ ಹುಳಿ, ಇವತ್ತು ಬೆಳಿಗ್ಗೆಯಿಂದ ಕೊಳೆತದ್ದು” ಎಂದೆ. ಅವರು ತಲೆಯಾಡಿಸಿ ಪುಡಿಯನ್ನು ಪೂರ್ತಿ ನಿಲ್ಲಿಸಿದರು. ಸಕ್ಕರೆ ಹಾಕಿದ ತೆಳು ದ್ರವ, ಚಮಚದಲ್ಲಿ, ಎರಡೆರಡು ಗಂಟೆಗೆ. ಜೊತೆಗೆ ಇಂಜೆಕ್ಷನ್. ಆಮೇಲೆ ಕೇಸ್ ಷೀಟು ಓದಿದರು. ಕನ್ನಡಕದ ಮೇಲಿಂದ ಸಣ್ಣಮ್ಮನನ್ನು ನೋಡಿದರು.

“ಯಾಕಮ್ಮ, ಡಾಕ್ಟರು ಅಷ್ಟು ಸಲ ಹೇಳಿದ್ರೂ ಕೇಳಲಿಲ್ಲವಂತೆ?”

“ಕೇಳ್ದೆ ಅಮ್ಮಾವ್ರೆ. ಅವ್ರು ಏಳ್ದಂಗೇ ಪಥ್ಯ ಮಾಡ್ದೆ.”

“ಇಲ್ಲಿ ಬೇರೆ ಬರೆದಿದೆ.”

ಸಣ್ಣಮ್ಮ ನನ್ನ ಕಡೆ ತಿರುಗಿದಳು. ರಂಗೇಗೌಡನೂ ತಿರುಗಿದ. ಒಂದು ವಾಕ್ಯ ಸಾಕಿತ್ತು. ನಾನು ನೆಲ ನೋಡಿದೆ. ಲೇಡಿ ಡಾಕ್ಟರು ಕಾಯ್ದರು, ಆಮೇಲೆ ಮುಂದಿನ ಮಂಚಕ್ಕೆ ಹೋದರು.

ಮಗು ಉಳಿಯಿತು. ಅದಕ್ಕೆ ಹಿಡಿದದ್ದು ಏಳು ವಾರ. ಊತ ಇಳಿದ ಮೇಲೆ ಬರೀ ಚಕ್ಕಳ, ಮೂಳೆ. ಆಮೇಲೆ ನೀರು ಮಜ್ಜಿಗೆ, ಹೆಸರುಬೇಳೆಯ ಕಟ್ಟು, ಕಿವುಚಿದ ಬೇಳೆ, ಕೊನೆಗೆ ಮೊಟ್ಟೆ. ಒಂದು ಹಿಡಿಸಿದ ಮೇಲೆ ಇನ್ನೊಂದು. ಹೊಸಬರು ಇದನ್ನು ಗಮನಿಸಬೇಕು: ಆ ಮಗುವಿಗೆ ಪ್ರೋಟೀನು ಇಲ್ಲದ್ದೂ ವಿಷವಾಯಿತು, ಒಮ್ಮೆಲೇ ಸುರಿದದ್ದೂ ವಿಷವಾಯಿತು. ಕರುಳು ಸುಧಾರಿಸುವಷ್ಟು ಕಾಲ ಕೊಟ್ಟು, ಅಳತೆ ನೋಡಿ ಕೊಟ್ಟದ್ದು ಉಳಿಸಿತು. ಮುಂದಿನ ವರ್ಷಗಳಲ್ಲಿ ಡಬ್ಬದ ಪುಡಿಯ ಅಬ್ಬರವೂ ಇಳಿಯಿತು, ಮನೆಯ ಊಟವನ್ನೇ ಮೊದಲು ಸರಿಮಾಡಿ ಎಂಬ ಸುತ್ತೋಲೆಗಳು ಬಂದವು. ಯಾವ ಸುತ್ತೋಲೆಯಲ್ಲೂ ಕಿಟಕಿಯಲ್ಲಿ ಆಡುವ ಮಾತಿನ ಬಗ್ಗೆ ಒಂದಕ್ಷರ ಇರಲಿಲ್ಲ.

ಆ ಮಾತಿನ ಬಗ್ಗೆ ನನಗೆ ಹೇಳಿದವರು ಹಳೇಬೀಡಿನ ಒಬ್ಬ ದಿನಸಿ ವ್ಯಾಪಾರಿ, ಪದ್ಮರಾಜಯ್ಯನವರು. ಜೈನರು, ಊಟದ ವಿಷಯದಲ್ಲಿ ಬಲು ಕಟ್ಟುನಿಟ್ಟು. ಹೆಸರುಬೇಳೆ ಕಟ್ಟಿಸಿಕೊಳ್ಳುತ್ತಾ ಪಥ್ಯಕ್ಕೆ ಬೇಳೆ ಕೊಡಬಹುದೇ ಎಂದು ಕೇಳಿದೆ.

“ಏನ್ರೀ ಆಸ್ಪತ್ರೆಯವರೇ ನಮ್ಮನ್ನ ಕೇಳ್ತೀರಲ್ಲ! ಪಥ್ಯ ಅಂದ್ರೆ ಬಿಡೋದಲ್ಲ ಸ್ವಾಮಿ, ಹಿತವಾದ್ದನ್ನ ತಗೊಳ್ಳೋದು. ಬಿಡೋದಕ್ಕೆ ನಮ್ಮಲ್ಲಿ ಬೇರೆ ವ್ರತಗಳಿವೆ. ಅದು ದೊಡ್ಡೋರಿಗೆ, ಮಕ್ಕಳಿಗಲ್ಲ.”

ಮರುದಿನವೇ ನಂಜುಂಡಯ್ಯನಿಗೆ ಹೇಳಿದೆ. “ಇನ್ನು ಮೇಲೆ ಆ ಮಾತು ಆಡಬೇಡಪ್ಪ. ನೆನ್ನೆ ಏನು ಉಣ್ಣಿಸ್ದೆ ಅಂತ ಕೇಳು, ನಾಳೆ ಏನು ಉಣ್ಣಿಸಬೇಕು ಅಂತ ಹೆಸರು ಹಿಡಿದು ಹೇಳು.”

“ಮೂಗ್ ಡಾಕ್ಟ್ರು ಈಗ ಬಾಯ್ ಡಾಕ್ಟ್ರಾದ್ರಾ? ನೂರು ಜನಕ್ಕೆ ಅಡಿಗೆ ಪಾಠ ಹೇಳ್ತಾ ಕೂತ್ರೆ ಔಷಧಿ ಯಾರು ಕೊಡ್ತಾರೆ?”

ಅವನು ಹೇಳಲಿಲ್ಲ. ನಾನೇ ಕಿಟಕಿಯ ಪಕ್ಕಕ್ಕೆ ಮೇಜು ಎಳೆದುಕೊಂಡು, ಮಲ ಪರೀಕ್ಷೆಗೆ ಬಂದವರಿಗೆಲ್ಲ ಹೇಳತೊಡಗಿದೆ.

ಮಗು ಮನೆಗೆ ಮರಳಿದ ಎರಡು ತಿಂಗಳ ಮೇಲೆ ಸಣ್ಣಮ್ಮನ ಹಳ್ಳಿಯಿಂದ ಚಿಪ್ಪು ತಂದ ಹೆಂಗಸೊಬ್ಬಳನ್ನು ಪುಟ್ಟಲಕ್ಷ್ಮಿ ಹೇಗಿದ್ದಾಳೆ ಎಂದು ಕೇಳಿದೆ.

“ಮಗ ಚೆನ್ನಾಗೈತೆ, ಅಜ್ಜಿ ತಾವ. ಅವ್ವನ್ನ ತೌರಿಗೆ ಅಟ್ಟವ್ರೆ. ಮಗೀನ ಉಪಾಸ ಕೆಡವಿ ಸಾಯ್ಸಕ್ಕೋಗಿದ್ಲಂತಲ್ಲ, ನಿಮ್ಮ ಆಸ್ಪತ್ರೇಲೇ ಬರ್ದವ್ರಂತೆ.”

ಅವತ್ತು ನಾನು ಒಂದೂ ಸ್ಲೈಡ್ ನೋಡಲಿಲ್ಲ. ಡಾಕ್ಟರ ಬಳಿಗೆ ಹೋಗಿ, ನಿಂತುಕೊಂಡೇ, ಆ ಸಾಲು ಹೊಡೆದುಹಾಕಿ ಎಂದು ಕೇಳಿದೆ. ಕಿಟಕಿಯಲ್ಲಿ ನಡೆದದ್ದನ್ನು ಹೇಳಿದೆ. ಅವರು ಪೂರ್ತಿ ಕೇಳಿದರು. ಆಮೇಲೆ ಹೇಳಿದ್ದು: “ನಾನು ಬರೆದದ್ದು ಸರಿಯಾಗಿದೆ. ಚೀಟಿ ನೋಡಿ. ಅವರು ಏನು ಅರ್ಥ ಮಾಡಿಕೊಂಡ್ರು ಅನ್ನೋದು ನನ್ನ ಜವಾಬ್ದಾರಿಯಲ್ಲ.” ಇಷ್ಟು ಅಚ್ಚುಕಟ್ಟಾದ ಅನ್ಯಾಯವನ್ನು ನನ್ನ ಇಡೀ ಸರ್ವೀಸಿನಲ್ಲಿ ಇನ್ನೊಮ್ಮೆ ಕಾಣಲಿಲ್ಲ. ಆ ಸಾಲು ಈಗಲೂ ಯಾವುದೋ ಕಡತದ ಕಟ್ಟಿನಲ್ಲಿ ಹಾಗೇ ಇರಬಹುದು.

ಭಾನುವಾರ ರಿಜಿಸ್ಟರನ್ನು ಚೀಲಕ್ಕೆ ಹಾಕಿಕೊಂಡು ಆ ಹಳ್ಳಿಗೆ ಹೋದೆ. ಸರ್ಕಾರಿ ದಾಖಲೆಯನ್ನು ಹೊರಗೆ ಒಯ್ಯುವುದು ತಪ್ಪು, ಒಯ್ದೆ. ರಂಗೇಗೌಡನ ಜಗುಲಿಯಲ್ಲಿ ಕೂತು ಹೇಳಿದೆ: “ನಿಮ್ಮ ಮನೆಯವರು ನಾವು ಹೇಳಿದ್ದನ್ನೇ ಮಾಡಿದ್ರು. ನಾವು ಪಥ್ಯ ಅಂದ್ವಿ, ಆಯಮ್ಮ ಪಥ್ಯ ಮಾಡಿದ್ರು. ಇಲ್ನೋಡಿ, ಐದು ವಾರ, ಗಂಜಿ ಬಿಟ್ರೆ ಬೇರೇನಿಲ್ಲ ಅಂತ ನನ್ನ ಕೈಯಾರೆ ಬರ್ದಿದೀನಿ. ತಪ್ಪು ಆಸ್ಪತ್ರೇದು.”

ರಂಗೇಗೌಡ ರಿಜಿಸ್ಟರನ್ನು ನೋಡಲಿಲ್ಲ. ಬಾಗಿಲಲ್ಲಿ ಮೊಮ್ಮಗಳನ್ನು ಎತ್ತಿಕೊಂಡು ನಿಂತಿದ್ದ ತಾಯಿಯನ್ನು ನೋಡಿದ.

“ಅವ್ವಾ, ಗಂಜಿ ಕಾಸ್ಕೊಟ್ಟೋರು ಯಾರು?”

ಮುದುಕಿ ಮೊಮ್ಮಗಳನ್ನು ಜಗುಲಿಯ ಮೇಲೆ ಇಳಿಸಿದಳು. “ನಾನೇ ಕಣ್ಲಾ” ಎಂದಳು. “ಅವ್ಳು ಒಸಿ ಬ್ಯಾಳೆ ಆಕಾನ ಅಂದ್ಲು. ನಾನೇ ಕೈ ಇಡ್ಕಂಡೆ. ಆಸ್ಪತ್ರೆಯೋರು ಏಳವ್ರೆ, ಬ್ಯಾಡ ಅಂದೆ.”

“ಇಷ್ಟು ದಿನ ಯಾಕ್ ಏಳ್ಲಿಲ್ಲ ನೀನು?”

ಅವಳು ಒಳಕ್ಕೆ ತಿರುಗಿದಳು. ಆ ಮುದುಕಿಯ ಮೇಲೆ ಸಿಟ್ಟು ಮಾಡಿಕೊಳ್ಳುವ ಹಕ್ಕು ನನಗಿರಲಿಲ್ಲ.

ರಂಗೇಗೌಡ ಅಂಗಿ ತೊಟ್ಟು ಮಗುವನ್ನು ಎತ್ತಿಕೊಂಡ. ಇಬ್ಬರೂ ಗಂಡಸಿ ಕಡೆಯ ಬಸ್ಸು ಹಿಡಿದೆವು. ಸಣ್ಣಮ್ಮ ತವರಿನ ಹಿತ್ತಿಲಲ್ಲಿ ಹುರುಳಿ ಕೇರುತ್ತಿದ್ದಳು. ಮಗುವನ್ನು ಕಂಡು ಮೊರ ಕೆಳಗಿಟ್ಟಳು. ಗಂಡನ ಕೈಯಿಂದ ಮಗುವನ್ನು ಕಿತ್ತುಕೊಂಡಳು ಎಂದೇ ಹೇಳಬೇಕು. ಕೆನ್ನೆ ಮುಟ್ಟಿದಳು, ಆಮೇಲೆ ಪಾದದ ಮೇಲೆ ಹೆಬ್ಬೆರಳು ಒತ್ತಿ ತೆಗೆದು ನೋಡಿದಳು. ಗುಳಿ ಬೀಳಲಿಲ್ಲ. ಗಂಡ ಏನೇನೋ ಹೇಳುತ್ತಿದ್ದ, ಆಸ್ಪತ್ರೆಯದೇ ತಪ್ಪಂತೆ, ಮನೆಗೆ ಬಾ ಎಂದು. ಅವಳು ಅವನ ಮಾತು ಮುಗಿಯುವ ಮೊದಲೇ ನನ್ನ ಕಡೆ ತಿರುಗಿದಳು.

“ದೊಡ್ಡಾಸ್ಪತ್ರೇಲಿ ಆಯಮ್ಮ ಕೇಳ್ದಾಗ ನೀವು ಅಲ್ಲೇ ನಿಂತಿದ್ರಲ್ಲ ಸೋಮಿ. ಆಗ್ಲೇ ಯಾಕ್ ಏಳ್ಲಿಲ್ಲ?”

“ಹೆದರಿಕೆ ಆಯ್ತು ಕಣಮ್ಮ” ಎಂದೆ.

“ನಂಗೂ ಆಗಿತ್ತು” ಎಂದಳು ಸಣ್ಣಮ್ಮ. “ಅದ್ಕೇ ನೀವು ಏಳಿದ್ದೆಲ್ಲ ಮಾಡ್ದೆ.”

ಮಗುವನ್ನು ಸೊಂಟಕ್ಕೆ ಏರಿಸಿಕೊಂಡು ಒಳಗೆ ಹೋದಳು. ನಮ್ಮಿಬ್ಬರಲ್ಲಿ ಯಾರನ್ನೂ ಕೂತುಕೊಳ್ಳಿ ಎನ್ನಲಿಲ್ಲ.